ಒಪ್ಪಿಗೆ ಎಂಬ ಹೆಬ್ಬೆಟ್ಟು

ಹೋದ ಮಳೆಗಾಲದ ಒಂದು ಸಂಜೆ ಸಿದ್ದಾಪುರದ ಪೇಟೆಯಲ್ಲಿ ಒಂದು ಸೈಬರ್ ಅಂಗಡಿಯೊಳಗೆ ಕೂತಿದ್ದೆ. ಕರೆಂಟು ಹೋಗಿ ಬಂದು ಮಾಡುತ್ತಿತ್ತು. ತೋಟದ ಲೈನ್‌ಮನೆಯಿಂದ ಒಬ್ಬ ಹುಡುಗಿ, ಪಿಯುಸಿ ಓದುವವಳು, ಅಪ್ಪನನ್ನು ಕರೆದುಕೊಂಡು ಬಂದಿದ್ದಳು. ಯಾವುದೋ ಟ್ರಸ್ಟಿನ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕಿತ್ತು. ಅಂಗಡಿಯ ಹುಡುಗ ಪುಟ ತೆರೆದ ಕೂಡಲೇ ಕೆಳಗಿನಿಂದ ಒಂದು ಪಟ್ಟಿ ಎದ್ದು ಬಂತು. ಇಂಗ್ಲಿಷಿನಲ್ಲಿ ನಾಲ್ಕು ಸಾಲು, ಪಕ್ಕದಲ್ಲಿ ದೊಡ್ಡದೊಂದು ಹಸಿರು ಗುಂಡಿ. ಅವನು ಓದಲಿಲ್ಲ, ಒತ್ತಿದ.

"ಎಂಥದಣ್ಣ ಅದು ಒತ್ತಿದ್ದು?"

"ಕುಕೀ ಅಂತ. ಒಪ್ಪಿಗೆ ಕೇಳ್ತದೆ. ಒತ್ತದಿದ್ರೆ ಅದು ಅಲ್ಲೇ ಅಡ್ಡ ಕೂತಿರ್ತದೆ."

"ಯಾವುದಕ್ಕೆ ಒಪ್ಪಿಗೆ?"

"ಯಾವುದಕ್ಕೋ. ಎಲ್ಲರೂ ಒತ್ತುತಾರೆ."

ಹುಡುಗಿಯ ಅಪ್ಪ ಅಲ್ಲಿತನಕ ಸುಮ್ಮನೆ ನಿಂತಿದ್ದ. ಒಪ್ಪಿಗೆ ಎಂಬ ಮಾತು ಕಿವಿಗೆ ಬಿದ್ದದ್ದೇ ಬಲಗೈ ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡು ಮುಂದೆ ಚಾಚಿದ. ಅಂಗಡಿಯ ಹುಡುಗ ನಕ್ಕ. ನನಗೆ ನಗು ಬರಲಿಲ್ಲ.

ಒಪ್ಪಿಗೆ ಅಂದ ಕೂಡಲೇ ಬೆರಳು ಚಾಚುವ ಅಭ್ಯಾಸ ಒಂದು ದಿನದಲ್ಲಿ ಬಂದದ್ದಲ್ಲ. ಕೊಡಗಿನಲ್ಲಿ ಅದಕ್ಕೆ ದೊಡ್ಡ ಚರಿತ್ರೆ ಇದೆ. ರಾಜರ ಚರಿತ್ರೆ ಬರೆದಿದ್ದಾರೆ, ಕೋವಿಯ ಚರಿತ್ರೆ ಬರೆದಿದ್ದಾರೆ, ಕಾಫಿಯ ಚರಿತ್ರೆಯನ್ನಂತೂ ಬಣ್ಣದ ಚಿತ್ರ ಹಾಕಿ ಬರೆದಿದ್ದಾರೆ. ಧಣಿಯ ಲೆಕ್ಕದ ಪುಸ್ತಕದಲ್ಲಿ ಯಾರ ಹೆಸರಿತ್ತೋ ಅವರ ಕಡೆ ನಿಂತು ಬರೆದದ್ದು ಮಾತ್ರ ಕಡಿಮೆ. ಇವತ್ತು ಮಕ್ಕಳ ಕೈಯಲ್ಲಿ ಫೋನು ಬಂದಿರುವಾಗ ಆ ಪುಸ್ತಕದ ಚರಿತ್ರೆಯನ್ನು ಓದದೆ ಈ ಹಸಿರು ಗುಂಡಿಯ ಅರ್ಥ ಆಗುವುದಿಲ್ಲ ಎಂಬುದು ನನ್ನ ತಿಳುವಳಿಕೆ.

ಮೊದಲು ಕುಕೀ ಎಂದರೇನು ನೋಡೋಣ. ಹೆಸರು ಕೇಳಿ ಬಿಸ್ಕತ್ತು ಅಂದುಕೊಳ್ಳಬೇಡಿ. ಎಲ್ಲೋ ದೂರದ ಕಟ್ಟಡದಲ್ಲಿ ಇರುವ ಕಂಪ್ಯೂಟರು, ಅದಕ್ಕೆ ಸರ್ವರ್ ಅಂತಾರೆ, ನೀವು ಕೇಳಿದ ಪುಟವನ್ನು ಕಳಿಸುತ್ತದೆ. ಕಳಿಸಿದ ಮೇಲೆ ನಿಮ್ಮನ್ನು ಮರೆಯುತ್ತದೆ. ಮುಂದಿನ ಪುಟ ಕೇಳಿದರೆ ನೀವು ಅದಕ್ಕೆ ಹೊಸಬರು. ಅಂಗಡಿಗೆ ಹೋಗಿ ಅಕ್ಕಿ ತೂಗಿಸಿ, ಉಪ್ಪು ಕೇಳುವಷ್ಟರಲ್ಲಿ ಅಂಗಡಿಯವನು "ನೀನ್ಯಾರು?" ಅಂದರೆ ವ್ಯಾಪಾರ ನಡೆಯುವುದು ಹೇಗೆ? ಈ ತೊಡಕನ್ನು ಬಿಡಿಸಲು 1994ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮಾಂಟುಲಿ ಎಂಬ ಎಳೆಯ ಇಂಜಿನಿಯರ್ ಒಂದು ಉಪಾಯ ಮಾಡಿದ. ಸರ್ವರು ಪುಟದ ಜೊತೆಗೆ ಒಂದು ಸಣ್ಣ ಚೀಟಿ ಕಳಿಸುತ್ತದೆ. ನಿಮ್ಮ ಬ್ರೌಸರು ಅದನ್ನು ಜೋಪಾನ ಮಾಡಿ, ಆ ವೆಬ್‌ಸೈಟಿಗೆ ಹೋದಾಗಲೆಲ್ಲ ತೋರಿಸುತ್ತದೆ. ಆ ಚೀಟಿಯೇ ಕುಕೀ.

ಚೀಟಿಯಲ್ಲಿ ನಿಮ್ಮ ಹೆಸರು ಇರಬೇಕೆಂದಿಲ್ಲ. ಊರು, ಜಾತಿ ಯಾವುದೂ ಬೇಕಿಲ್ಲ. ಬಹಳ ಸಲ ಇರುವುದು ಉದ್ದನೆಯ ಒಂದು ನಂಬರು. ನಂಬರು ನಿಮ್ಮ ಹತ್ತಿರ, ಆ ನಂಬರಿನ ಎದುರಿಗೆ ಬರೆದುಕೊಳ್ಳುವ ಪುಸ್ತಕ ಅವರ ಹತ್ತಿರ. ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ, ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿದೆ. ಚೀಟಿ ಕೆಟ್ಟದ್ದಲ್ಲ. ಅದಿಲ್ಲದೆ ಪಾಸ್‌ವರ್ಡ್ ಹಾಕಿ ಒಳಗೆ ಹೋದವರು ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ಹೊರಗೆ ಬಿದ್ದಿರುತ್ತಾರೆ. ಆದರೆ ಹೀಗೊಂದು ಚೀಟಿ ತಮ್ಮ ಯಂತ್ರದೊಳಗೆ ಬಂದು ಕೂತಿದೆ ಎಂದು ಬಳಸುವ ಜನಕ್ಕೆ ಯಾರೂ ಹೇಳಲಿಲ್ಲ. 1996ರ ಫೆಬ್ರವರಿಯಲ್ಲಿ ಲಂಡನ್ನಿನ ಫೈನಾನ್ಶಿಯಲ್ ಟೈಮ್ಸ್ ಪತ್ರಿಕೆ ಬರೆದ ಮೇಲೆ ಜನಕ್ಕೆ ಗೊತ್ತಾಯಿತು. ಒಪ್ಪಿಗೆ ಕೇಳುವ ಪಟ್ಟಿ ಬಂದದ್ದು ಆಮೇಲೆ ಎಷ್ಟೋ ವರ್ಷಕ್ಕೆ. ಮೊದಲು ಬರೆದುಕೊಂಡರು, ಆಮೇಲೆ ಕೇಳಿದರು.

ಈಗ ಕೊಡಗಿಗೆ ಬರೋಣ. ಇಲ್ಲೂ ಪುಸ್ತಕ ಮೊದಲು ಬಂತು.

ಲಿಂಗರಾಜೇಂದ್ರ 1812ರ ಹೊತ್ತಿಗೆ ನಾಡಿನ ಜಮೀನನ್ನೆಲ್ಲ ಅಳೆಸಿ ಲೆಕ್ಕ ಬರೆಸಿದ. ಅದಕ್ಕೆ ಶಿಸ್ತು ಎಂದು ಹೆಸರು. ಯಾರ ಗದ್ದೆ ಎಷ್ಟು, ಕಂದಾಯ ಎಷ್ಟು ಎಂಬುದೆಲ್ಲ ಅದರಲ್ಲಿತ್ತು. 1834ರಲ್ಲಿ ಚಿಕ್ಕವೀರರಾಜನನ್ನು ಇಳಿಸಿ ನಾಡನ್ನು ಕೈಗೆ ತೆಗೆದುಕೊಂಡ ಇಂಗ್ಲಿಷರಿಗೂ ಈ ಲೆಕ್ಕ ಬಹಳ ಹಿಡಿಸಿತು. ಆ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿದ ಹೊಲೆಯರು, ಯರವರು ಲೆಕ್ಕಕ್ಕೆ ಹೇಗೆ ಬಂದರು? ಆಳುಗಳಲ್ಲಿ ಎರಡು ಬಗೆ ಇತ್ತೆಂದು ಇಂಗ್ಲಿಷರ ಬರಹಗಳು ಹೇಳುತ್ತವೆ. ಭೂಮಿ ಜಮ್ಮದ ಆಳು, ಒಕ್ಕಲು ಜಮ್ಮದ ಆಳು. ಮೊದಲನೆಯವನು ನೆಲಕ್ಕೆ ಅಂಟಿದವನು, ನೆಲದ ಜೊತೆ ಕೈ ಬದಲಾಗುವವನು. ಎರಡನೆಯವನು ಮನೆತನಕ್ಕೆ ಅಂಟಿದವನು, ಅವನನ್ನು ಬೇಕಾದಂತೆ ಮಾರಬಹುದು. ಅರಸನ ಸ್ವಂತ ಬೇಸಾಯದ ಪಣ್ಯಗಳಿಗೂ ಇಂಥ ಆಳುಗಳಿದ್ದರು. ಮನುಷ್ಯ ಆ ಪುಸ್ತಕದಲ್ಲಿ ಇದ್ದ, ಎತ್ತು ನೇಗಿಲು ಇದ್ದ ಹಾಗೆ.

1843ರ ಐದನೆಯ ಕಾಯಿದೆ ಗುಲಾಮಗಿರಿಯ ಹಕ್ಕನ್ನು ಕೋರ್ಟುಗಳು ಮಾನ್ಯ ಮಾಡಬಾರದು ಅಂದಿತು. ಮನುಷ್ಯನನ್ನು ಗುಲಾಮನಾಗಿ ಕೊಳ್ಳುವುದು, ಮಾರುವುದು ಅಪರಾಧ ಅನ್ನುವುದಕ್ಕೆ 1860ರ ದಂಡ ಸಂಹಿತೆ ಬರಬೇಕಾಯಿತು. ಈ ಎರಡರ ನಡುವೆ, 1854ರಲ್ಲಿ, ಫೌಲರ್ ಎಂಬ ದೊರೆ ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಹಾಕಿದ. ಕಾಡು ಕಡಿಯಲು ಜನ ಬೇಕು. ಮಾರಿಕೊಳ್ಳುವ ಹಾಗಿಲ್ಲ. ಹಾಗಾದರೆ ಹಿಡಿದಿಟ್ಟುಕೊಳ್ಳುವುದು ಹೇಗೆ?

ಮುಂಗಡ! ಮೇಸ್ತ್ರಿ ಘಟ್ಟದ ಕೆಳಗೂ ಮೈಸೂರು ಸೀಮೆಗೂ ಹೋಗುತ್ತಾನೆ. ಮಳೆ ಕೈಕೊಟ್ಟ ಊರಿನಲ್ಲಿ, ಮದುವೆಯೋ ಸಾವೋ ಆದ ಮನೆಯಲ್ಲಿ ನಾಲ್ಕು ರೂಪಾಯಿ ಇಡುತ್ತಾನೆ. ಅಕ್ಷರ ಬಾರದವನು ಹೆಬ್ಬೆಟ್ಟು ಒತ್ತುತ್ತಾನೆ. ಅಲ್ಲಿಗೆ ಅವನು 'ಒಪ್ಪಿಕೊಂಡ' ಎಂದಾಯಿತು. 1859ರ ಹದಿಮೂರನೆಯ ಕಾಯಿದೆ ಈ ಒಪ್ಪಿಗೆಯ ಬೆನ್ನಿಗೆ ನಿಂತಿತು. ಮುಂಗಡ ತಿಂದ ಆಳು ಕಾರಣವಿಲ್ಲದೆ ಕೆಲಸ ಬಿಟ್ಟರೆ, ಮ್ಯಾಜಿಸ್ಟ್ರೇಟು ಹಣ ಕಟ್ಟು ಇಲ್ಲಾ ಗೇಯು ಎಂದು ಹುಕುಂ ಮಾಡಬಹುದು. ಮೀರಿದರೆ ಮೂರು ತಿಂಗಳ ತನಕ ಜೈಲು. ಮಾತಿಗೆ ತಪ್ಪಿದ ಧಣಿಗೆ? ಆ ಕಾಯಿದೆಯಲ್ಲಿ ಅವನಿಗೆ ಶಿಕ್ಷೆ ಇಲ್ಲ. ಸಾಲ ಕೊಟ್ಟು ತೀರಿಸದಿದ್ದರೆ ಸಿವಿಲ್ ಕೋರ್ಟಿಗೆ ಹೋಗುವುದು ಉಳಿದವರಿಗಿದ್ದ ದಾರಿ. ಕೂಲಿಯವನಿಗೆ ಮಾತ್ರ ಜೈಲಿನ ದಾರಿ.

ಹೆಬ್ಬೆಟ್ಟಿನ ವಿಚಾರ ಬಂದಾಗ ಒಂದು ಮಾತು. ಬೆರಳಚ್ಚಿನ ವಿದ್ಯೆ ಲಂಡನ್ನಿನಲ್ಲಿ ಹುಟ್ಟಿತು ಅಂತ ಸಿನಿಮಾ ನೋಡಿದವರು ನಂಬಿದ್ದಾರೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಶೆಲ್ ಎಂಬ ಅಧಿಕಾರಿ, ರಸ್ತೆಗೆ ಜಲ್ಲಿ ಒದಗಿಸಲು ಒಪ್ಪಿಕೊಂಡ ರಾಜ್ಯಧರ ಕೋನಾಯ್ ಎಂಬಾತನ ಇಡೀ ಅಂಗೈಯನ್ನು ಕರಾರಿನ ಕಾಗದದ ಮೇಲೆ ಒತ್ತಿಸಿಕೊಂಡ. ಸಹಿ ನನ್ನದಲ್ಲ ಅನ್ನದ ಹಾಗೆ ಹೆದರಿಸಲಿಕ್ಕೆ ಎಂದು ಅವನೇ ಆಮೇಲೆ ಬರೆದಿದ್ದಾನೆ. 1897ರಲ್ಲಿ ಪ್ರಪಂಚದ ಮೊದಲ ಬೆರಳಚ್ಚಿನ ಕಚೇರಿ ತೆರೆದದ್ದು ಕಲ್ಕತ್ತೆಯಲ್ಲಿ. ಬೆರಳಿನ ಗೆರೆಗಳನ್ನು ವಿಂಗಡಿಸುವ ಲೆಕ್ಕಾಚಾರಕ್ಕೆ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹೆಸರು ಬಂದದ್ದು ದೊರೆ ಹೆನ್ರಿಗೆ. ಅಂತೂ ಬಡವನ ಮಾತನ್ನು ನಂಬಬೇಡ, ಅವನ ಮೈಯನ್ನು ನಂಬು ಎಂಬ ತತ್ವ ಈ ನೆಲದ ಮೇಲೆಯೇ ಪಳಗಿತು. 1871ರಲ್ಲಿ ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿಗೆ ಸೇರಿಸುವ ಕಾಯಿದೆ ಬಂತು. ಆ ಪಟ್ಟಿಯಿಂದ ಬಿಡುಗಡೆ ಆದದ್ದು 1952ರಲ್ಲಿ.

ಕೊಡಗಿನಲ್ಲೂ ಮೈ ಅಳೆದರು. 1901ರಲ್ಲಿ ಟಿ.ಎಚ್. ಹಾಲೆಂಡ್ ಎಂಬಾತ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಕೊಡವರನ್ನೂ ಯರವರನ್ನೂ ಎದುರುಬದುರು ನಿಲ್ಲಿಸಿ ಒಂದು ಲೇಖನ ಬರೆದ. ಅವನ ಕಸುಬು ಭೂಗರ್ಭಶಾಸ್ತ್ರ. ಕಲ್ಲು ಅಳೆಯುವ ಕೈ ಯರವರ ತಲೆ, ಮೂಗು, ಎತ್ತರ ಅಳೆಯಿತು. ಅದು ಮೂಗಿನ ಅಗಲ ನೋಡಿ ಜಾತಿಯ ಮೇಲುಕೀಳು ಹೇಳುತ್ತೇವೆ ಎಂದು ರಿಸ್ಲೆಯಂಥ ಅಧಿಕಾರಿಗಳು ನಂಬಿದ್ದ ಕಾಲ. ಅಳೆಸಿಕೊಂಡ ಯರವರಲ್ಲಿ ಎಷ್ಟು ಜನ ಆ ಲೇಖನ ಓದಿರಬಹುದು, ಓದಿ "ಸ್ವಾಮೀ, ಇದು ತಪ್ಪು, ತಿದ್ದಿ" ಅಂದಿರಬಹುದು, ನೀವೇ ಊಹಿಸಿ.

ಇನ್ನು ಕಾಗದವೇ ಇಲ್ಲದ ಪುಸ್ತಕವೂ ಒಂದಿತ್ತು. ಕುಟ್ಟದಿಂದ ಕಾಡು ದಾಟಿದರೆ ವಯನಾಡು. ಅಲ್ಲಿ ಮಾನಂತವಾಡಿಯ ಹತ್ತಿರ ವಳ್ಳಿಯೂರ್‌ಕಾವಿನ ಭಗವತಿಯ ಗುಡಿ ಇದೆ. ವರ್ಷಕ್ಕೊಮ್ಮೆ ಅದರ ಜಾತ್ರೆಯಲ್ಲಿ ಜಮೀನ್ದಾರರು ಪಣಿಯರನ್ನೂ ಅಡಿಯರನ್ನೂ ಗೊತ್ತು ಮಾಡಿಕೊಳ್ಳುತ್ತಿದ್ದರು. ಈ ಅಡಿಯರು ನಮ್ಮ ಪಂಜಿರಿ ಯರವರ ಕುಲದವರೇ. ಕೈಗೆ ಬೀಳುವ ಸಣ್ಣ ಮೊತ್ತಕ್ಕೆ ನಿಪ್ಪು ಪಣಂ ಎಂದು ಹೆಸರು. ಅಂದರೆ ನಿಲ್ಲುವುದಕ್ಕೆ ಕೊಟ್ಟ ಹಣ. ತಕ್ಕೊಂಡವನು ಮುಂದಿನ ಜಾತ್ರೆ ತನಕ ಆ ಧಣಿಯನ್ನು ಬಿಡುವಂತಿಲ್ಲ. ಸಾಕ್ಷಿ ದೇವಿ. ಬರೆಯುವ ಖರ್ಚೂ ಇಲ್ಲ, ಓದುವ ಭಯವೂ ಇಲ್ಲ. ಸ್ವಾತಂತ್ರ್ಯ ಬಂದು ಎರಡು ದಶಕ ಕಳೆದರೂ ಇದು ಪೂರ್ತಿ ನಿಂತಿರಲಿಲ್ಲ. ಈ ಆದಿವಾಸಿಗಳನ್ನು ಸಂಘಟಿಸಿದ ಎ. ವರ್ಗೀಸ್ 1970ರಲ್ಲಿ ತಿರುನೆಲ್ಲಿಯ ಕಾಡಿನಲ್ಲಿ ಪೋಲೀಸರ ಗುಂಡಿಗೆ ಸತ್ತ. ಎದುರುಕಾಳಗದಲ್ಲಿ ಸತ್ತ ಅಂತ ಬರೆದುಕೊಂಡಿದ್ದರು. ಹಿಡಿದು, ಮೇಲಿನವರ ಅಪ್ಪಣೆಯಂತೆ ಕೊಂದದ್ದು ಎಂದು ಗುಂಡು ಹಾರಿಸಿದ ಪೇದೆಯೇ 1998ರಲ್ಲಿ ಬಾಯಿಬಿಟ್ಟ. ಪೋಲೀಸರ ಪುಸ್ತಕದಲ್ಲಿ ಸುಳ್ಳು 28 ವರ್ಷ ನಿಜವಾಗಿ ಕೂತಿತ್ತು.

ತೋಟಗಳ ಕತೆಗೆ ವಾಪಸ್ಸು ಬರುತ್ತೇನೆ. ಒಬ್ಬ ದೊರೆಯ ಪುಸ್ತಕ ಒಬ್ಬನ ಹತ್ತಿರವೇ ಇದ್ದರೆ, ಓಡಿಹೋದ ಆಳು ಪಕ್ಕದ ತೋಟದಲ್ಲಿ ಹೊಸ ಹೆಸರು ಹೇಳಿ ಬದುಕಿಕೊಳ್ಳಬಹುದು. ಅದಕ್ಕೇ ಧಣಿಗಳು ಒಟ್ಟಾದರು. 1893ರಲ್ಲಿ ದಕ್ಷಿಣ ಭಾರತದ ತೋಟಗಾರರ ಒಕ್ಕೂಟ ಹುಟ್ಟಿತು. ಆಳು ಮತ್ತು ಮುಂಗಡದ ವಿಚಾರ ಅದರ ದೊಡ್ಡ ಚಿಂತೆಗಳಲ್ಲಿ ಒಂದು. ಒಬ್ಬರ ಮುಂಗಡ ತಿಂದವನನ್ನು ಇನ್ನೊಬ್ಬರು ಸೇರಿಸಬಾರದು ಎಂಬ ಕಟ್ಟುಪಾಡು ಅವರವರಲ್ಲೇ ಬೆಳೆಯಿತು. 1859ರ ಕಾಯಿದೆ ಇಡೀ ದೇಶದಲ್ಲಿ ರದ್ದಾಗುವ ಹೊತ್ತಿಗೆ, 1926ರಲ್ಲಿ, ಕೊಡಗು ತನ್ನದೇ ಒಂದು ಕೂಲಿ ಕಾಯಿದೆ ಮಾಡಿಕೊಂಡು ಕರಾರು ಮುರಿದ ಕೂಲಿಗೆ ಶಿಕ್ಷೆ ಕೊಡುವ ಪದ್ಧತಿಯನ್ನು ಇನ್ನಷ್ಟು ದಿನ ಉಳಿಸಿಕೊಂಡಿತು. ನಮ್ಮ ಸಣ್ಣ ನಾಡಿನ ಈ ದೊಡ್ಡ ಸಾಧನೆಯನ್ನು ಯಾವ ಪ್ರವಾಸಿ ಪುಸ್ತಕವೂ ಹೇಳುವುದಿಲ್ಲ.

ಈಗ ಕುಕೀಯ ಎರಡನೆಯ ಅಧ್ಯಾಯ ಕೇಳಿ. ಇದೇ ಕತೆ.

ಮೊದಲಿಗೆ ಒಂದು ವೆಬ್‌ಸೈಟಿನ ಚೀಟಿಯನ್ನು ಅದೇ ವೆಬ್‌ಸೈಟು ಓದುತ್ತಿತ್ತು. ಆದರೆ ಒಂದು ಪುಟದೊಳಗೆ ಬೇರೆ ಕಂಪನಿಯ ಜಾಹೀರಾತು ಇದ್ದರೆ, ಆ ಕಂಪನಿಯೂ ತನ್ನ ಚೀಟಿ ಅಂಟಿಸುತ್ತದೆ. ಅದೇ ಕಂಪನಿಯ ಜಾಹೀರಾತು ಸಾವಿರ ವೆಬ್‌ಸೈಟುಗಳಲ್ಲಿ ಇದ್ದರೆ, ಸಾವಿರ ಕಡೆಯೂ ಒಂದೇ ನಂಬರು ಕಾಣುತ್ತದೆ. ಬೆಳಿಗ್ಗೆ ನೀವು ಪೇಪರು ಓದಿದಿರಿ, ಮಧ್ಯಾಹ್ನ ಹೊಟ್ಟೆನೋವಿಗೆ ಮದ್ದು ಹುಡುಕಿದಿರಿ, ರಾತ್ರಿ ಸಾಲ ಎಲ್ಲಿ ಸಿಗುತ್ತದೆ ನೋಡಿದಿರಿ. ಮೂರೂ ಬೇರೆ ಬೇರೆ ಅಂಗಡಿ ಅಂತ ನಿಮ್ಮ ಎಣಿಕೆ. ಮೂರು ಅಂಗಡಿಯ ಹಿತ್ತಿಲಲ್ಲೂ ಒಬ್ಬನೇ ಗುಮಾಸ್ತ ಕೂತು ಒಂದೇ ಪುಸ್ತಕದಲ್ಲಿ ಬರೆಯುತ್ತಿದ್ದಾನೆ. ಇದನ್ನು ಮೂರನೆಯವರ ಕುಕೀ ಅನ್ನೋಣ. 1997ರಲ್ಲಿ ಇಂಟರ್‌ನೆಟ್ಟಿನ ನಿಯಮ ಬರೆಯುವ ಇಂಜಿನಿಯರುಗಳೇ ಇದನ್ನು ಕೇಳದೆ ಬಿಡಬೇಡಿ ಅಂದರು. ಬ್ರೌಸರು ಮಾಡುವ ಕಂಪನಿಗಳು ಕಿವಿಗೆ ಹಾಕಿಕೊಳ್ಳಲಿಲ್ಲ. ಈ ವ್ಯಾಪಾರದಲ್ಲಿ ಬೆಳೆದ ಡಬಲ್‌ಕ್ಲಿಕ್ ಎಂಬ ಕಂಪನಿಯನ್ನು ಗೂಗಲ್ 310 ಕೋಟಿ ಡಾಲರಿಗೆ ಕೊಂಡಿತು, ವ್ಯವಹಾರ ಮುಗಿದದ್ದು 2008ರಲ್ಲಿ. ಮುಂದೆ ಆಪಲ್ಲಿನ ಸಫಾರಿ, ಫೈರ್‌ಫಾಕ್ಸ್ ಬ್ರೌಸರುಗಳು ಇಂಥ ಕುಕೀಗಳಿಗೆ ಬಾಗಿಲು ಹಾಕಿದವು. ಗೂಗಲ್ ಕೂಡ ತನ್ನ ಕ್ರೋಮಿನಿಂದ ತೆಗೆಯುತ್ತೇನೆಂದು 2020ರಲ್ಲಿ ಮಾತು ಕೊಟ್ಟು, ವರ್ಷ ವರ್ಷ ಮುಂದೂಡಿ, 2025ರ ಏಪ್ರಿಲಿನಲ್ಲಿ ಆ ಮಾತನ್ನು ಕೈಬಿಟ್ಟಿತು. ಜಾಹೀರಾತಿನಿಂದ ಉಣ್ಣುವ ಮನೆ ತನ್ನ ಉಗ್ರಾಣಕ್ಕೆ ತಾನೇ ಬೀಗ ಹಾಕುತ್ತದೆಯೇ?

"ನಮ್ಮಂಥ ಬಡವರ ಲೆಕ್ಕ ಇಟ್ಟುಕೊಂಡು ಅವರಿಗೇನು ಸಿಗುತ್ತೆ ಮೇಷ್ಟ್ರೇ?" ಅಂತ ಒಬ್ಬ ಗೆಳೆಯ ಕೇಳಿದ. ಸಾಲದ ಆ್ಯಪುಗಳು ಅದಕ್ಕೆ ಉತ್ತರ. ಲಾಕ್‌ಡೌನ್ ಕಾಲದಲ್ಲಿ ಕೂಲಿ ನಿಂತಾಗ ಐದು ಸಾವಿರ, ಎಂಟು ಸಾವಿರ ಕೊಡುವ ಆ್ಯಪುಗಳು ಊರೂರಿಗೆ ಬಂದವು. ಅಡವಿಗೆ ಚಿನ್ನ ಬೇಡ, ಪತ್ರ ಬೇಡ. 'ಒಪ್ಪಿಗೆ' ಒತ್ತಿದರೆ ಸಾಕು. ಒತ್ತಿದವರ ಫೋನಿನೊಳಗಿದ್ದ ಎಲ್ಲ ನಂಬರುಗಳು, ಫೋಟೋಗಳು ಅವರ ಕೈಗೆ ಹೋದವು. ಕಂತು ತಪ್ಪಿದ ದಿನ ನೆಂಟರಿಗೆ, ಮೇಲಿನ ಅಧಿಕಾರಿಗೆ, ಹೆಣ್ಣು ಕೊಟ್ಟವರಿಗೆ ಫೋನು. ತಿದ್ದಿದ ಕೊಳಕು ಫೋಟೋ. ದೇಶದ ಹಲವು ಕಡೆ ಜನ ಪ್ರಾಣ ಕಳೆದುಕೊಂಡರು. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಸಾಲದ ಆ್ಯಪುಗಳು ಫೋನಿನ ನಂಬರು ಪಟ್ಟಿಗೂ ಕರೆಗಳ ಪಟ್ಟಿಗೂ ಕೈ ಹಾಕಬಾರದು ಎಂದು ಸುತ್ತೋಲೆ ಹೊರಡಿಸಿತು. ಇಲ್ಲಿ ಕೆಲಸ ಮಾಡಿದ್ದು ಕುಕೀ ಅಲ್ಲ, ಫೋನಿನ ಅನುಮತಿ. ಆದರೆ ಒಂದೇ ಬಳ್ಳಿಯ ಕಾಯಿ. ಮೇಸ್ತ್ರಿಯ ಮುಂಗಡಕ್ಕೂ ಇದಕ್ಕೂ ನನಗೆ ಕಾಣುವ ವ್ಯತ್ಯಾಸ ಒಂದೇ: ಮೇಸ್ತ್ರಿಯ ಮುಖ ಗೊತ್ತಿತ್ತು.

ಇದಕ್ಕೆಲ್ಲ ತಡೆ ಬೇಕು ಎಂದು ಮೊದಲೇ ಕಂಡವರು ಬಾಬಾಸಾಹೇಬರು. 1947ರಲ್ಲಿ ಸಂವಿಧಾನ ಸಭೆಗೆ ಕೊಡಲೆಂದು ಬರೆದ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಎಂಬ ಮನವಿಯಲ್ಲಿ, ಜನರ ಮೈ, ಮನೆ, ಕಾಗದಪತ್ರಗಳನ್ನು ಸರಿಯಾದ ಕಾರಣವಿಲ್ಲದೆ ಯಾರೂ ಶೋಧಿಸಬಾರದು ಎಂಬ ಹಕ್ಕನ್ನು ಸೇರಿಸಿದ್ದರು. ಕಾಗದಪತ್ರವೇ ಇಲ್ಲದ ಜನರ ನಾಯಕ ಕಾಗದಪತ್ರದ ಹಕ್ಕು ಕೇಳಿದ್ದನ್ನು ನಾವು ಗಮನಿಸಬೇಕು. ಅದು ಸಂವಿಧಾನದೊಳಗೆ ಬರಲಿಲ್ಲ. 1962ರಲ್ಲಿ ಖಡಕ್ ಸಿಂಗ್ ಎಂಬಾತನ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂತು. ಡಕಾಯಿತಿ ಕೇಸಿನಲ್ಲಿ ಸಾಕ್ಷ್ಯವಿಲ್ಲದೆ ಬಿಡುಗಡೆಯಾದವನು. ಆದರೂ ಉತ್ತರ ಪ್ರದೇಶದ ಪೋಲೀಸರು ಅವನ ಮೇಲೆ ಹಾಳೆ ತೆರೆದು, ರಾತ್ರಿ ಹೊತ್ತು ಬಾಗಿಲು ಬಡಿಯುತ್ತಿದ್ದರು. ರಾತ್ರಿ ಬಾಗಿಲು ಬಡಿಯುವುದು ತಪ್ಪು, ಆದರೆ ಖಾಸಗಿತನ ಎಂಬ ಮೂಲಭೂತ ಹಕ್ಕು ನಮ್ಮಲ್ಲಿಲ್ಲ ಎಂದು ಹೆಚ್ಚಿನ ನ್ಯಾಯಮೂರ್ತಿಗಳು ಹೇಳಿದರು. ಆ ಮಾತು ಸುಳ್ಳಾಗಲು 55 ವರ್ಷ ಬೇಕಾಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 86ರ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ಹೂಡಿದ ಅರ್ಜಿಯ ಮೇಲೆ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಕ್ಕೊರಲಿನಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ಖಾಸಗಿ ಕಂಪನಿಗಳು ಕರಾರಿನ ಹೆಸರಲ್ಲಿ ಆಧಾರ್ ಕೇಳುವ ಅವಕಾಶವನ್ನು 2018ರ ತೀರ್ಪು ಕಿತ್ತುಹಾಕಿತು. 2019ರ ತಿದ್ದುಪಡಿ 'ಸ್ವಂತ ಇಚ್ಛೆಯಿಂದ ಕೊಟ್ಟರೆ' ಎಂಬ ಮಾತು ಹಾಕಿ ಹಿಂಬಾಗಿಲು ತೆರೆಯಿತು. ನೋಡಿದಿರಾ, ಮತ್ತೆ ಅದೇ ಒಪ್ಪಿಗೆ!

ಯುರೋಪಿನಲ್ಲಿ ಈ ಪದದ ಮೇಲೆ ದೊಡ್ಡ ಜಗಳವೇ ಆಗಿದೆ. ಮೊದಲೇ ಟಿಕ್ ಹಾಕಿಟ್ಟ ಪೆಟ್ಟಿಗೆ ಒಪ್ಪಿಗೆ ಅಲ್ಲ ಎಂದು ಅಲ್ಲಿನ ನ್ಯಾಯಾಲಯ 2019ರಲ್ಲಿ ಹೇಳಿತು. ಒಪ್ಪುವುದಕ್ಕೆ ಒಂದು ಒತ್ತು, ಬೇಡ ಅನ್ನುವುದಕ್ಕೆ ಹಲವು ಒತ್ತು ಇಟ್ಟಿದ್ದಕ್ಕೆ ಫ್ರಾನ್ಸಿನ ಪ್ರಾಧಿಕಾರ 2022ರ ಆರಂಭದಲ್ಲಿ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿತು. ಬೇಡ ಅನ್ನುವುದು ಹೌದು ಅನ್ನುವಷ್ಟೇ ಸುಲಭ ಇರಬೇಕು ಎಂಬುದು ಅದರ ನ್ಯಾಯ. ವಳ್ಳಿಯೂರ್‌ಕಾವಿನಲ್ಲಿ ಈ ನ್ಯಾಯ ಇದ್ದಿದ್ದರೆ ಎಷ್ಟು ಜನ ನಿಲ್ಲುತ್ತಿದ್ದರು?

ನಮ್ಮಲ್ಲೂ 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯಿದೆ ಆಯಿತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಹೊರಬಂದವು. ಮುಖ್ಯ ಕಟ್ಟಳೆಗಳನ್ನು ಪಾಲಿಸಲು ಕಂಪನಿಗಳಿಗೆ 18 ತಿಂಗಳ ಗಡುವು ಕೊಟ್ಟರು. ಒಪ್ಪಿಗೆ ಬಲವಂತವಿಲ್ಲದ್ದು, ತಿಳಿದು ಕೊಟ್ಟದ್ದು, ಇಂಥದಕ್ಕೆ ಎಂದು ಖಚಿತವಾದದ್ದು ಇರಬೇಕು ಎಂದು ಕಾಯಿದೆ ಹೇಳುತ್ತದೆ. ಒಳ್ಳೆಯ ಮಾತು. ಇಂಗ್ಲಿಷಿನಲ್ಲಿ ಬೇಡವೆಂದರೆ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಇರಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ಯರವರ ಮಾತು ಇಲ್ಲ, ಜೇನುಕುರುಬರ ಮಾತು ಇಲ್ಲ, ಕೊಡವರದೂ ಇಲ್ಲ, ತುಳುವೂ ಇಲ್ಲ. ಕಂಪನಿಯ ಪುಸ್ತಕದಲ್ಲಿ ನಮ್ಮ ಬಗ್ಗೆ ಏನಿದೆ ಎಂದು ಕೇಳುವ, ತಿದ್ದಿಸುವ, ಅಳಿಸುವ ಹಕ್ಕು ಕೊಟ್ಟಿದ್ದಾರೆ. ಸರ್ಕಾರ ತನಗೆ ಬೇಕಾದ ತನ್ನ ಅಂಗಗಳನ್ನು ಕಾಯಿದೆಯ ಹೊರಗಿಡಬಹುದು ಎಂಬ ಕಲಮನ್ನೂ ಇಟ್ಟುಕೊಂಡಿದ್ದಾರೆ. ಸುಳ್ಳು ದೂರು ಕೊಟ್ಟರೆ ದೂರು ಕೊಟ್ಟವನಿಗೇ 10,000 ರೂಪಾಯಿ ತನಕ ದಂಡ. ಇದನ್ನು ಓದಿದಾಗ 1859 ನೆನಪಾಯಿತು.

ಇನ್ನೊಂದು ಪೆಟ್ಟು ಕೆಲವರಿಗೆ ತಿಳಿದಿಲ್ಲ. 1990ರ ದಶಕದಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಬರಗಾಲದ ಕೆಲಸದ ಹಾಜರಿ ಪಟ್ಟಿಗಳನ್ನು ಬಯಲಲ್ಲಿ, ಜನರ ಮುಂದೆ ಓದಿಸಿದರು. ಸತ್ತವರ ಹೆಸರಲ್ಲಿ ಕೂಲಿ ಎತ್ತಿದ್ದು ಹೊರಗೆ ಬಂತು. ಆಳುವವರ ಪುಸ್ತಕವನ್ನು ಆಳುಗಳು ಓದಿದ ಆ ಹೋರಾಟದಿಂದಲೇ 2005ರ ಮಾಹಿತಿ ಹಕ್ಕು ಕಾಯಿದೆ ಬೆಳೆಯಿತು. ಈಗಿನ 2023ರ ಕಾಯಿದೆ ಅದೇ ಮಾಹಿತಿ ಹಕ್ಕಿನ ಒಂದು ಕಲಮನ್ನು ತಿದ್ದಿ, 'ವೈಯಕ್ತಿಕ ಮಾಹಿತಿ' ಅಂದರೆ ಸಾಕು, ಕೊಡದಿರಬಹುದು ಎಂದು ಮಾಡಿದೆ. ನಮ್ಮ ಗುಟ್ಟು ಕಾಯುತ್ತೇವೆಂದು ಬಂದ ಕಾಯಿದೆ ಅವರ ಗುಟ್ಟಿಗೂ ಕಂಬಳಿ ಹೊದಿಸಿತು.

ಹಾಗಂತ ಪುಸ್ತಕಗಳನ್ನೆಲ್ಲ ಸುಡಿ ಎಂದು ನಾನು ಹೇಳುವುದಿಲ್ಲ. ಪುಸ್ತಕದಲ್ಲಿ ಇಲ್ಲದಿರುವುದೂ ಒಂದು ಸಾವೇ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಗುಡಿಸಲುಗಳನ್ನು ಅರಣ್ಯ ಜಮೀನು ಎಂದು ಕೆಡವಿದಾಗ ಇದು ಕಣ್ಣಿಗೆ ಹೊಡೆಯಿತು. ಅವರಲ್ಲಿ ಬಹಳ ಜನ ಲೈನ್‌ಮನೆ ಬಿಟ್ಟು ಬಂದವರು. ತಲೆಮಾರು ತಲೆಮಾರು ಬದುಕಿದ ಲೈನ್‌ಮನೆಯ ಹೆಸರು, ನಂಬರು, ವಿಳಾಸ ಎಲ್ಲ ಧಣಿಯದು. ಧಣಿಯ ಪುಸ್ತಕದಲ್ಲಿ ಸಾಲಗಾರ, ಸರ್ಕಾರದ ಪುಸ್ತಕದಲ್ಲಿ ಯಾರೂ ಅಲ್ಲ. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗ ನಾವು ಮನೆ ಮನೆಗೆ ಹೋಗಿ "ಬರೆಸಿ, ಜಾತಿ ಬರೆಸಿ, ಮುಚ್ಚಿಡಬೇಡಿ" ಅಂದೆವು. ಲೆಕ್ಕಕ್ಕೆ ಸಿಗದ ಜನಕ್ಕೆ ಪಾಲು ಸಿಗುವುದಿಲ್ಲ. ಹೈಕೋರ್ಟು ಮಾಹಿತಿ ಕೊಡುವುದು ಕಡ್ಡಾಯವಲ್ಲ, ಕೊಟ್ಟದ್ದನ್ನು ಗುಟ್ಟಾಗಿಡಬೇಕು ಅಂದಿತು. ಬೆಂಗಳೂರಿನ ಹೆಸರಾಂತ ಶ್ರೀಮಂತ ಮನೆಯೊಂದು ನಾವು ಕೊಡುವುದಿಲ್ಲ ಎಂದು ಬರೆದೇ ಕೊಟ್ಟಿತು. ಅವರಿಗೆ ಆ ಹಕ್ಕಿದೆ, ನಾನು ತಕರಾರು ಮಾಡುವುದಿಲ್ಲ. ರೇಷನ್ ಅಂಗಡಿಯಲ್ಲಿ ಬೆರಳು ಒತ್ತುವುದಿಲ್ಲ ಎಂದು ಬರೆದುಕೊಟ್ಟು ಅಕ್ಕಿ ತರುವ ಧೈರ್ಯ ನಮ್ಮಲ್ಲಿ ಯಾರಿಗಿದೆ, ಅಷ್ಟೇ ನನ್ನ ಪ್ರಶ್ನೆ. ಕಾಳುಮೆಣಸು ಕೊಯ್ದು, ಕಾಫಿ ಬಿಡಿಸಿ ಗೆರೆ ಸವೆದ ಬೆರಳನ್ನು ಯಂತ್ರವೇ ಒಪ್ಪುವುದಿಲ್ಲ, ಅದು ಬೇರೆ.

ಜೀತದ ವಿರುದ್ಧ 1976ರಲ್ಲಿ ಬಂದ ಕಾಯಿದೆಯಲ್ಲಿ ಒಂದು ಕಲಮು ಇದೆ, ಹದಿನೈದನೆಯದು. ಇದು ಜೀತದ ಸಾಲ ಎಂದು ಆಳು ಹೇಳಿದರೆ, ಅಲ್ಲ ಎಂದು ರುಜುವಾತು ಮಾಡುವ ಹೊರೆ ಸಾಲ ಕೊಟ್ಟವನ ಮೇಲೆ. ನನ್ನ ಕಣ್ಣಿಗೆ ನಮ್ಮ ದೇಶದ ಕಾಯಿದೆಗಳಲ್ಲಿ ಇದು ಬಹಳ ದೊಡ್ಡ ಕಲಮು. ಧಣಿಯ ಪುಸ್ತಕದ ಸಾಕ್ಷಿಯನ್ನು ಅದು ತಲೆಕೆಳಗು ಮಾಡಿತು. ಕುಕೀಯ ಕಾಲಕ್ಕೂ ಬೇಕಾದ್ದು ಇಂಥ ಕಲಮೇ. ನಾನು ಒಪ್ಪಲಿಲ್ಲ ಎಂದು ನಾನ್ಯಾಕೆ ಸಾಬೀತು ಮಾಡಲಿ? ನಾನು ತಿಳಿದು ಒಪ್ಪಿದೆ ಎಂದು ಅವರು ಸಾಬೀತು ಮಾಡಲಿ.

ಅದರ ಜೊತೆಗೆ ಹಳ್ಳಿ ಶಾಲೆಯ ಮೇಷ್ಟ್ರುಗಳು ಮಕ್ಕಳಿಗೆ ಹೇಳಿಕೊಡಬಹುದಾದದ್ದು ಇಷ್ಟಿದೆ. ಪಟ್ಟಿ ಬಂದಾಗ ದೊಡ್ಡ ಗುಂಡಿಯ ಪಕ್ಕ ಮಂಕಾಗಿ ಇರುವ ಗುಂಡಿಯನ್ನು ಹುಡುಕಲಿ, ಅಗತ್ಯದ ಕುಕೀ ಮಾತ್ರ ಸಾಕು ಎಂದು ಒತ್ತಲಿ. ಬಹಳ ಸಲ ಪುಟ ಆಗಲೂ ತೆರೆಯುತ್ತದೆ. ಬ್ರೌಸರಿನ ಸೆಟ್ಟಿಂಗಿನಲ್ಲಿ ಮೂರನೆಯವರ ಕುಕೀಗಳನ್ನು ತಡೆಯುವ ಜಾಗ ಇದೆ, ಇದ್ದವನ್ನು ಅಳಿಸುವ ಜಾಗವೂ ಇದೆ. ಸೈಬರ್ ಅಂಗಡಿಯಲ್ಲಿ ಕೆಲಸ ಮುಗಿದ ಮೇಲೆ ಲಾಗೌಟ್ ಮಾಡದೆ ಎದ್ದರೆ, ಮುಂದೆ ಕೂತವನು ನಿಮ್ಮ ಚೀಟಿ ಹಿಡಿದು ನೀವೇ ಆಗುತ್ತಾನೆ. ಆ್ಯಪುಗಳಿಗೆ ಕುಕೀ ಬೇಕಿಲ್ಲ, ಫೋನಿಗೇ ಒಂದು ಜಾಹೀರಾತು ನಂಬರು ಇರುತ್ತದೆ, ಆಂಡ್ರಾಯ್ಡ್ ಫೋನಿನ ಸೆಟ್ಟಿಂಗಿನಲ್ಲಿ ಅದನ್ನು ಅಳಿಸಬಹುದು. ತೋಟದಲ್ಲಿ ಆಧಾರ್ ಜೆರಾಕ್ಸ್ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಆಧಾರ್ ಪ್ರಾಧಿಕಾರವೇ ಕೊಡುತ್ತದೆ, ಅದನ್ನೇ ಕೊಡಿ. ಅಸ್ಸಾಮಿನಿಂದ ಬಂದ ಕೂಲಿಗಳ ಆಧಾರ್ ಪ್ರತಿಗಳು ಒಂದು ತೋಟದ ಕಚೇರಿಯ ಮೇಜಿನ ಮೇಲೆ ಚಹಾ ಲೋಟದ ಕೆಳಗೆ ಹರಡಿಕೊಂಡಿದ್ದನ್ನು ನಾನೇ ನೋಡಿದ್ದೇನೆ.

ಆ ಹುಡುಗಿಗೆ ಇದನ್ನೆಲ್ಲ ಅಂಗಡಿಯಿಂದ ಬಸ್ ಸ್ಟ್ಯಾಂಡಿನ ತನಕ ನಡೆದುಕೊಂಡೇ ಹೇಳಿದೆ. ಎರಡು ವಾರ ಬಿಟ್ಟು ಅರ್ಜಿಗೆ ಏನೋ ಕಾಗದ ಸೇರಿಸಬೇಕೆಂದು ಮತ್ತೆ ಬಂದಿದ್ದಳು, ಅಪ್ಪನೂ ಇದ್ದ. ಪಟ್ಟಿ ಎದ್ದು ಬಂತು. "ಅಣ್ಣ, ಪಕ್ಕದ್ದು ಒತ್ತಿ" ಅಂದಳು. ಅವನು ಒತ್ತಿದ. ಒಳಗೆ ಇನ್ನೊಂದು ಪಟ್ಟಿ, ಅದರೊಳಗೆ ಸಾಲು ಸಾಲು ಗುಂಡಿ. ಒಂದೊಂದನ್ನೇ ಆರಿಸಬೇಕು.

"ಇದಕ್ಕೆಲ್ಲ ಟೈಮಾಗ್ತದೆ ತಂಗಿ. ಗಂಟೆ ಲೆಕ್ಕ. ಹತ್ತು ರೂಪಾಯಿ ಜಾಸ್ತಿ ಆಗ್ತದೆ ನೋಡು."

ಅವಳು ಅಪ್ಪನ ಕಡೆ ತಿರುಗಿದಳು. ಅಪ್ಪ ಜೇಬಿಗೆ ಕೈ ಹಾಕಿ, ಬಸ್ಸಿನ ಚಾರ್ಜು ಬೇರೆ ತೆಗೆದಿಟ್ಟು, ಉಳಿದದ್ದನ್ನು ಎಣಿಸತೊಡಗಿದ.